ಮುಳ್ಳು ಬೇರೆ, ಅಂಕಿ ಬೇರೆ



ನಮ್ಮ ತಿಪಟೂರು, ತುರುವೇಕೆರೆ ಕಡೆಯ ಹೆಣ್ಣುಮಕ್ಕಳಿಗೆ ಅಳತೆ-ತೂಕದ ಪಾಠ ಯಾರೂ ಹೇಳಬೇಕಾಗಿಲ್ಲ. ಕೊಬ್ಬರಿ ತೂಗುವ ಮೊದಲು ತಕ್ಕಡಿಯ ಮುಳ್ಳು ನೆಟ್ಟಗಿದೆಯೇ ಅಂತ ನೋಡುತ್ತೇವೆ. ಕಾಯಿ ಎಣಿಸುವಾಗ ಲೆಕ್ಕ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸುತ್ತೇವೆ. ಆದರೆ ಬಾಡಿಗೆ ಕಾರು ಹತ್ತಿದರೆ ಮಾತ್ರ ಮೀಟರು ತೋರಿಸಿದ್ದೇ ವೇದವಾಕ್ಯ!

ನಾನೂ ಹಾಗೆಯೇ ಇದ್ದೆ. ನೆಂಟರ ಮದುವೆಗೆಂದು ತಿಪಟೂರಿನಿಂದ ತುಮಕೂರಿಗೆ ಒಂದು ಹಳೆಯ ಬಾಡಿಗೆ ಕಾರಿನಲ್ಲಿ ಹೋಗಿದ್ದೆವು. ಕಿಬ್ಬನಹಳ್ಳಿ ಕ್ರಾಸ್ ದಾಟಿದ ಮೇಲೆ ನಮ್ಮ ಹುಡುಗ ಹೊತ್ತು ಹೋಗದೆ ಕಿಲೋಮೀಟರ್ ಕಲ್ಲು ಎಣಿಸತೊಡಗಿದ. 20 ಕಿಲೋಮೀಟರ್ ಆಗುವಷ್ಟರಲ್ಲಿ ಕಾರಿನ ಮೀಟರು 22 ತೋರಿಸಿತ್ತು! ಹೋಗಿ ಬರಲು ಮೀಟರಿನ ಲೆಕ್ಕ 165. ಕಲ್ಲಿನ ಲೆಕ್ಕದಂತೆ 150. ಕಿಲೋಮೀಟರಿಗೆ 15 ರೂಪಾಯಿಯಂತೆ 225 ರೂಪಾಯಿ ಹೆಚ್ಚು. ಚಾಲಕನನ್ನು ಮೆಲ್ಲಗೆ ಕೇಳಿದೆವು. ಪಾಪ, ಅವನಿಗೂ ಗೊತ್ತಿರಲಿಲ್ಲ. ಹಳೆಯ ಮೀಟರು ಕೆಟ್ಟಾಗ ಬೇರೆ ಜಾತಿಯ ಕಾರಿನದನ್ನು ತಂದು ಹಾಕಿಸಿದ್ದನಂತೆ. ಹಣ ಮುರಿದುಕೊಂಡ.

ಹಾಗಾದರೆ ವೇಗದ ಮುಳ್ಳು ತಪ್ಪಿದ್ದರೆ ದೂರದ ಅಂಕಿಯೂ ತಪ್ಪೇ? ಹಾಗೇನಿಲ್ಲ. ಒಂದೇ ಡಬ್ಬಿಯಲ್ಲಿದ್ದರೂ ಇವೆರಡರ ಕೆಲಸ ಬೇರೆ ಬೇರೆ. ಜರ್ಮನಿಯ ಓಟ್ಟೋ ಶುಲ್ಟ್ಸೆ 1902ರಲ್ಲಿ ರೂಪಿಸಿದ ಬಗೆಯ ಮೀಟರಿನಲ್ಲಿ ತಂತಿಯೊಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದು ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ, ಸಣ್ಣ ಸ್ಪ್ರಿಂಗು ತಡೆಯುತ್ತದೆ. ಸ್ಪ್ರಿಂಗು ಸಡಿಲವಾದರೆ ಮುಳ್ಳು ಸುಳ್ಳು ಹೇಳುತ್ತದೆ. ದೂರದ ಅಂಕಿಗೆ ಸ್ಪ್ರಿಂಗಿನ ಗೊಡವೆಯಿಲ್ಲ. ಹಲ್ಲುಚಕ್ರಗಳ ಮೂಲಕ ಗಾಲಿ ಎಷ್ಟು ಸುತ್ತಿತೆಂದು ಎಣಿಸುತ್ತದೆ, ಅಷ್ಟೆ. ಇಂದಿನ ಕಾರುಗಳಲ್ಲಿ ತಂತಿಯ ಬದಲು ವಿದ್ಯುನ್ಮಾನ ಬಂದಿದ್ದರೂ ಎಣಿಸುವುದು ಗಾಲಿಯ ಸುತ್ತನ್ನೇ.

ಮುಳ್ಳು ಸ್ವಲ್ಪ ಹೆಚ್ಚು ತೋರಿಸುವುದು ಎಷ್ಟೋ ಸಲ ಬೇಕೆಂದೇ ಮಾಡಿದ್ದು. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದಂತೆ ಅದು ನಿಜವೇಗಕ್ಕಿಂತ ಕಡಮೆ ತೋರಿಸಲೇಬಾರದು. ಕಾರುಗಳಲ್ಲಿ ಹತ್ತನೆಯ ಒಂದು ಪಾಲು ಮತ್ತು 4 ಕಿಲೋಮೀಟರಿನವರೆಗೆ ಹೆಚ್ಚು ತೋರಿಸಬಹುದು. ಹಾಗಿದ್ದೂ ದೂರದ ಅಂಕಿ ಸರಿಯಾಗಿಯೇ ಇರಬಹುದು.

ಅಂಕಿ ತಪ್ಪುವುದು ಯಾವಾಗ? ನಮ್ಮ ಚಾಲಕನಂತೆ ಹೊಂದದ ಮೀಟರು ಹಾಕಿಸಿದಾಗ, ಇಲ್ಲವೇ ಟೈರಿನ ಅಳತೆ ಬದಲಾದಾಗ. ಟೈರು 6 ಮಿಲಿಮೀಟರ್ ಸವೆದರೆ ಅಡ್ಡಳತೆ 12 ಮಿಲಿಮೀಟರ್ ಕುಗ್ಗುತ್ತದೆ. ಸುಮಾರು 50 ಸೆಂಟಿಮೀಟರಿನ ಚಿಕ್ಕ ಗಾಲಿಯಾದರೆ 100 ಕಿಲೋಮೀಟರಿಗೆ ಎರಡರಷ್ಟು ಹೆಚ್ಚು ತೋರಿಸುತ್ತದೆ. ದೊಡ್ಡ ಟೈರು ಹಾಕಿಸಿದರೆ ಕಡಮೆ ತೋರಿಸುತ್ತದೆ.

ಸ್ವಂತ ಕಾರಿದ್ದವರಿಗೂ ಇದು ಬೇಕಾದ ಮಾತೇ. ನಾನು ಹೇಳಿದಂಥ ಮೀಟರಿದ್ದರೆ ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಹದಿನಾರೂವರೆ ಕೊಟ್ಟಂತೆ ಕಾಣುತ್ತದೆ. ಯಜಮಾನರು ಮೀಸೆ ತಿರುವಬಹುದು, ಪೆಟ್ರೋಲಿನ ಖರ್ಚೇನೂ ಇಳಿಯದು! ಆಯಿಲ್ ಬದಲಿಸುವ 10,000 ಕಿಲೋಮೀಟರ್ ಗಡುವು ಸುಮಾರು 9,090ಕ್ಕೇ ಬಂದುಬಿಡುತ್ತದೆ. ಮೀಟರು ಕಡಮೆ ತೋರಿಸಿದರೆ ಗಡುವು ಮೀರಿ ಎಂಜಿನ್ನಿಗೆ ಕೇಡು.

ಪರೀಕ್ಷೆ ಸುಲಭ. ಹೆದ್ದಾರಿಯಲ್ಲಿ 10 ಅಥವಾ 20 ಕಲ್ಲುಗಳವರೆಗೆ ಅಂಕಿ ಹೋಲಿಸಿ. ಒಂದೇ ಕಲ್ಲನ್ನು ನಂಬಬೇಡಿ. ವೇಗಕ್ಕೆ ಗಡಿಯಾರ ಸಾಕು: ನಿಜವಾದ 60ರಲ್ಲಿ ಒಂದು ಕಿಲೋಮೀಟರಿಗೆ ಸರಿಯಾಗಿ ಒಂದು ನಿಮಿಷ. ಮುಳ್ಳು 60ರಲ್ಲಿ ನಿಂತಿದ್ದೂ 66 ಸೆಕೆಂಡ್ ಹಿಡಿದರೆ ನಿಜವೇಗ ಸುಮಾರು ಐವತ್ನಾಲ್ಕೂವರೆ. ಕೈಯಲ್ಲಿ ಮೊಬೈಲಿದ್ದರೆ ಅದರ ನಕ್ಷೆಯೊಂದಿಗೂ ತಾಳೆ ನೋಡಬಹುದು. ಈ ಕೆಲಸ ಪಕ್ಕದಲ್ಲಿ ಕೂತವರದು. ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ.

ಮುಂದಿನ ಪಯಣದಲ್ಲಿ ಹೊರಡುವಾಗಿನ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ವ್ಯತ್ಯಾಸ ಕಂಡರೆ ಜಗಳ ಬೇಡ, ಲೆಕ್ಕ ತೋರಿಸಿ ಕೇಳಿ. ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ ಚೌಕಾಸಿ ಮಾಡುವ ನಾವು 225 ರೂಪಾಯಿಗೆ ಬಾಯಿ ಬಿಡಲು ಸಂಕೋಚವೇಕೆ, ಹೇಳಿ?