ಒಂದೇ ಗುಳಿಗೆ, ಎರಡು ಹೆಸರು

ಕಲಬುರಗಿಯ ಶರಣಬಸಪ್ಪನ ಗುಡಿಯಲ್ಲಿ ಮಧ್ಯಾಹ್ನ ಪ್ರಸಾದ ಮುಗಿಸಿ ಕಂಬಕ್ಕೆ ಒರಗಿ ಕೂತಿದ್ದೆ. ಪಕ್ಕದಲ್ಲಿ ಕಮಲಾಪುರದ ಕಡೆಯ ಹಳ್ಳಿಯಿಂದ ಬಂದ ಆಯಿ ಒಬ್ಬಳು ಕೂತಿದ್ದಳು. ಮಗ ನೀರು ತರಲು ಎದ್ದು ಹೋದದ್ದೇ ತಡ, ಆಕೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದನ್ನು ನನ್ನ ಮುಂದೆ ಸರಿಸಿದಳು. "ತಮ್ಮಾ, ಇದ್ರಾಗ ಯಾವ್ದು ಮುಂಜಾನಿ, ಯಾವ್ದು ಸಂಜಿ, ಜರಾ ನೋಡು."

ಚೀಲದೊಳಗೆ ಮೂಲೆ ಹರಿದ ಎಕ್ಸ್‌ರೇ ಕವರು, ರೇಷನ್ ಕಾರ್ಡಿನ ಝೆರಾಕ್ಸು, ಮೂರು ಲ್ಯಾಬುಗಳ ರಿಪೋರ್ಟು ಇದ್ದವು. ಇಸಿಜಿ ಕಾಗದವೊಂದಿತ್ತು, ಅದರ ಗೆರೆಗಳು ಅರ್ಧ ಮಾಸಿ ಹೋಗಿದ್ದವು. ಎಲ್ಲದರ ಅಡಿಯಲ್ಲಿ ಎರಡು ಗುಳಿಗೆ ಪಟ್ಟಿಗಳು. ಒಂದು ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಟ್ಟದ್ದು, ಬಣ್ಣವಿಲ್ಲದ ಪಟ್ಟಿ. ಇನ್ನೊಂದು ಖಾಸಗಿ ಡಾಕ್ಟರು ಬರೆದುಕೊಟ್ಟು ಮೆಡಿಕಲ್ ಅಂಗಡಿಯಲ್ಲಿ ರೊಕ್ಕ ಕೊಟ್ಟು ಕೊಂಡದ್ದು, ಹೊಳೆಯುವ ಪಟ್ಟಿ. ಮೇಲಿನ ಹೆಸರುಗಳು ಬೇರೆ ಬೇರೆ. ಕನ್ನಡಕ ಏರಿಸಿ ಕೆಳಗಿನ ಸಣ್ಣ ಅಕ್ಷರ ಓದಿದೆ. ಎರಡರಲ್ಲೂ ಗ್ಲಿಮೆಪಿರೈಡ್. ರಕ್ತದ ಸಕ್ಕರೆ ಇಳಿಸುವ ಔಷಧಿ.

"ಎರಡೂ ತಗೋತಿ ಏನ್ ಆಯಿ?"

"ಹೂಂ ಮತ್ತ. ಎರಡೂ ಡಾಕ್ಟರ್ ಕೊಟ್ಟದ್ದೇ ಅಲ್ಲೇನು? ಹದಿನೈದು ದಿನ ಆತು, ಉಣ್ಣೋಕಿಂತ ಮೊದ್ಲ ಚಕ್ಕರ್ ಬರ್ತದ, ಬೆವರ್ತದ, ಕೈ ನಡಗ್ತಾವ. ಅದಕ್ಕ ಅಪ್ಪಗ ಹರಕಿ ಹೊತ್ತು ಬಂದೀನಿ."

ಒಂದೇ ಔಷಧಿ ಎರಡು ಪಟ್ಟು ಹೊಟ್ಟೆಗೆ ಬಿದ್ದು ಸಕ್ಕರೆ ಕುಸಿಯುತ್ತಿತ್ತು. ಮೈ ನಡುಗಿದ್ದಕ್ಕೆ ಆಕೆ ದೇವರಿಗೆ ಹರಕೆ ಹೊತ್ತಿದ್ದಳು. ನೋಡಿದರೆ ಇಲ್ಲಿ ತಪ್ಪು ಮಾಡಿದವರೇ ಇಲ್ಲ. ಸರ್ಕಾರಿ ಡಾಕ್ಟರು ಸರಿಯಾಗಿ ಬರೆದಿದ್ದರು, ಖಾಸಗಿಯವರೂ ಸರಿಯಾಗಿಯೇ ಬರೆದಿದ್ದರು. ಆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇಬ್ಬರ ನಡುವೆ ಸುದ್ದಿ ಮುಟ್ಟಿಸುವ ಕೆಲಸ ಓದು ಬಾರದ ಆಯಿಯ ಹೆಗಲಿಗೆ ಬಿದ್ದಿತ್ತು.

ಕಲಬುರಗಿಯ ದವಾಖಾನೆಗಳನ್ನು ನಡೆಸುವವರೇ, ಈ ಮಾತನ್ನು ನಿಮಗೇ ಹೇಳಬೇಕೆಂದು ಬರೆಯುತ್ತಿದ್ದೇನೆ.

ಹಲವು ಕೈ ಕೂಡಿ ಕೆಲಸ ಮಾಡುವುದು ಹೇಗೆ ಎಂಬುದಕ್ಕೆ ಆ ಗುಡಿಯಲ್ಲಿ ಕೂತವನಿಗೆ ಬೇರೆ ಉದಾಹರಣೆ ಬೇಕಿಲ್ಲ. ಅರಳಗುಂಡಗಿಯ ಒಕ್ಕಲಿಗ ಶರಣಬಸಪ್ಪ ತನ್ನ ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ ಕಥೆ ಈ ಭಾಗದಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಆ ಮನುಷ್ಯ ಕಲಬುರಗಿಗೆ ಬಂದು ಮಾಡಿದ ದೊಡ್ಡ ಕೆಲಸ ದಾಸೋಹ. ಹೋಳಿಯಾದ ಐದನೇ ದಿನ ತೇರು ಎಳೆಯುವಾಗ ಲಕ್ಷಾಂತರ ಜನ ಶರಣಬಸಪ್ಪನ ಪರುಷ ಬಟ್ಟಲನ್ನು ಒಮ್ಮೆ ಕಣ್ಣಲ್ಲಿ ತುಂಬಿಕೊಳ್ಳಲು ಕತ್ತೆತ್ತಿ ನಿಲ್ಲುತ್ತಾರೆ. ಆದರೆ ಇಲ್ಲಿಯ ನಿಜವಾದ ಪವಾಡ ಕಾಣಬೇಕಾದರೆ ಪಂಕ್ತಿಯಲ್ಲಿ ಕೂರಬೇಕು. ಅನ್ನ ಬಡಿಸುವವನ ಬೆನ್ನಿಗೇ ಸಾರಿನವ ಬರುತ್ತಾನೆ, ಅವನ ಬೆನ್ನಿಗೆ ಪಲ್ಯದವ. ಅನ್ನ ಹಾಕಿದವನು, "ಸಾರು ಬೇಕಾದ್ರ ಅಡಗಿಮನಿಗಿ ಹೋಗಿ ಕೇಳ್ರಿ, ಹೋಗೋ ಮುಂದ ನನ್ನ ಲೆಟರ್ ತಗೊಂಡು ಹೋಗ್ರಿ" ಅಂತ ಎಂದಾದರೂ ಅಂದದ್ದುಂಟೇ? ನಮ್ಮ ದವಾಖಾನೆಗಳು ದಿನವೂ ಅನ್ನುತ್ತಿರುವುದು ಅದನ್ನೇ.

ಮೊದಲು ನಮ್ಮಲ್ಲಿ ದವಾಖಾನೆಗಳೇ ಕಡಿಮೆ ಇದ್ದವು. ಹೈದರಾಬಾದು, ಇಲ್ಲವೇ ಸೊಲ್ಲಾಪುರ, ಎರಡೇ ದಾರಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಅವುಗಳಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವೇ. ಆಮೇಲೆ ಹೋರಾಟ ನಡೆಯಿತು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ಕಲಂ ಬಂತು, ಈ ಭಾಗದ ಅಭಿವೃದ್ಧಿ ಮಂಡಳಿಗೆ ದುಡ್ಡು ಬಂತು. ಈಗ ಈ ಒಂದೇ ಊರಿನಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. 1963ರ ಮಹಾದೇವಪ್ಪ ರಾಂಪುರೆ ಕಾಲೇಜು ಮತ್ತು ಅದರ ಬಸವೇಶ್ವರ ಆಸ್ಪತ್ರೆ, 2000ದಲ್ಲಿ ಶುರುವಾದ ಖಾಜಾ ಬಂದಾನವಾಜ್ ಕಾಲೇಜು, 2013ರಲ್ಲಿ ಬಂದ ಸರ್ಕಾರಿ ಕಾಲೇಜು ಜಿಮ್ಸ್, ಅದೇ ವರ್ಷದ ಇಎಸ್‌ಐ ಕಾಲೇಜು. ಕ್ಯಾನ್ಸರ್ ರೋಗಿಗಳಿಗೆ ಕಿದ್ವಾಯಿಯ ಶಾಖೆ ಇದೆ. 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಕಟ್ಟಡ ಬಾಗಿಲು ತೆರೆಯಿತು. ಆ 371 ಸುಮ್ಮನೆ ಬಂದ ಅಂಕಿಯಲ್ಲ, ಕಲಂ ನೆನಪಿಗೆ ಇಟ್ಟದ್ದು. ನನ್ನ ಅಪ್ಪನ ತಲೆಮಾರಿಗೆ ಇದು ಕನಸಿನಲ್ಲೂ ಕಂಡದ್ದಲ್ಲ.

ಹಾಗಾದರೆ ಆಯಿಯ ಕೈ ಏಕೆ ನಡುಗುತ್ತಿದೆ?

2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಕೊರೋನಾದಿಂದ ದೇಶದಲ್ಲೇ ಮೊದಲು ಸತ್ತವರು ನಮ್ಮೂರಿನ 76 ವರ್ಷದ ಹಿರಿಯರು. ಕಲಬುರಗಿಯ ಆಸ್ಪತ್ರೆಯಿಂದ ಹೈದರಾಬಾದಿಗೆ ಹೋದರು, ಅಲ್ಲೂ ನೆಲೆ ಸಿಗದೆ ಮತ್ತೆ ಕಲಬುರಗಿಯ ಕಡೆಗೆ ಹೊರಟರು, ಮಾರ್ಚ್ 10ರ ರಾತ್ರಿ ದಾರಿಯಲ್ಲೇ ಪ್ರಾಣ ಹೋಯಿತು. ಗಂಟಲಿನ ಮಾದರಿ ಬೆಂಗಳೂರಿಗೆ ಹೋಗಿತ್ತು, ಅದರ ಫಲಿತಾಂಶ ಹೊರಬಿದ್ದದ್ದು ಅವರು ತೀರಿಕೊಂಡ ಮೇಲೆ. ಹೊಸ ರೋಗ, ಯಾರಿಗೂ ಏನೂ ತಿಳಿಯದ ಕಾಲ, ಒಪ್ಪುತ್ತೇನೆ. ಆದರೆ ಉಸಿರಾಟಕ್ಕೆ ಒದ್ದಾಡುವ ಮನುಷ್ಯನೊಬ್ಬ ಊರಿಂದೂರಿಗೆ ಅಲೆದದ್ದು ರೋಗದ ಗುಣವಲ್ಲ. ಅದು ನಮ್ಮ ಗುಣ. ಆಮೇಲಿನ ತಿಂಗಳುಗಳಲ್ಲಿ ಇದೇ ಊರಿನಲ್ಲಿ ಲ್ಯಾಬು ಬಂತು, ಇಎಸ್‌ಐ ಕಟ್ಟಡ ಕೊರೋನಾ ಆಸ್ಪತ್ರೆಯಾಯಿತು. ಹೆದರಿಕೆ ಕತ್ತಿನವರೆಗೆ ಬಂದಾಗ ಯಾವ ಹಾಸಿಗೆ ಎಲ್ಲಿ ಖಾಲಿಯಿದೆ ಎಂಬುದು ಒಬ್ಬರಿಗೊಬ್ಬರಿಗೆ ಗೊತ್ತಾಗುವಂತೆ ಮಾಡಲು ನಮ್ಮಿಂದ ಆಗಿತ್ತು. ಹೆದರಿಕೆ ಇಳಿದ ಮೇಲೆ ಮತ್ತೆ ಎಲ್ಲರೂ ತಂತಮ್ಮ ಕಾಂಪೌಂಡಿನೊಳಗೆ ಸೇರಿಕೊಂಡೆವು.

ಇನ್ನೊಂದು ಅಂಕಿ ಹೇಳುತ್ತೇನೆ. ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬ ಸರ್ಕಾರಿ ಲೆಕ್ಕದಲ್ಲಿ 2018–20ರ ಅವಧಿಗೆ ಕರ್ನಾಟಕದ್ದು 69. ನಮ್ಮ ಗಡಿಯಾಚೆಯ ತೆಲಂಗಾಣದ್ದು 43. 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಈ ಭಾಗ ಮತ್ತು ತೆಲಂಗಾಣ ಎಲ್ಲಿ ಬೇರೆಯಾದವು? ಹೆರಿಗೆಯಲ್ಲಿ ರಕ್ತಸ್ರಾವ ಶುರುವಾದರೆ ಗಡಿಯಾರ ನಿಮಿಷದ ಲೆಕ್ಕದಲ್ಲಿ ಓಡುತ್ತದೆ. ಹಳ್ಳಿಯ ಆಶಾ ಕಾರ್ಯಕರ್ತೆಗೆ, 108 ಆಂಬುಲೆನ್ಸಿನವರಿಗೆ, ಕಮಲಾಪುರದ ದವಾಖಾನೆಗೆ, ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಬೇರೆ ಬೇರೆ ಗಡಿಯಾರಗಳಿದ್ದರೆ ತಾಯಿ ಹುಮನಾಬಾದ್ ರಸ್ತೆಯಲ್ಲೇ ಉಳಿಯುತ್ತಾಳೆ.

ಆಗುವುದಿಲ್ಲ ಎನ್ನುವವರಿಗೆ ಹೃದಯ ಜ್ಯೋತಿ ತೋರಿಸುತ್ತೇನೆ. 2023ರ ನವೆಂಬರ್‌ನಲ್ಲಿ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಶುರು ಮಾಡಿದ ಯೋಜನೆ ಅದು. ಎದೆನೋವು ಎಂದು ಬಂದವನಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಯುತ್ತಾರೆ. ಅದು ದೊಡ್ಡ ಆಸ್ಪತ್ರೆಯ ತಜ್ಞರ ಮುಂದೆ ನಿಮಿಷಗಳಲ್ಲಿ ತೆರೆದುಕೊಳ್ಳುತ್ತದೆ. ರಕ್ತನಾಳ ಕಟ್ಟಿದೆ ಎಂದು ಗೊತ್ತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಕೊಡುತ್ತಾರೆ. ಆಮೇಲೆ ಆಂಬುಲೆನ್ಸು. ಇಲ್ಲಿ ರೋಗಿಗಿಂತ ಮುಂಚೆ ಅವನ ಕಾಗದ ಊರು ಮುಟ್ಟುತ್ತದೆ. ಹೃದಯಕ್ಕೆ ಸಾಧ್ಯವಾದದ್ದು ಬಸುರಿಗೆ, ಸಕ್ಕರೆ ರೋಗಿಗೆ, ಕಿಡ್ನಿ ಕೆಟ್ಟವನಿಗೆ ಏಕೆ ಸಾಧ್ಯವಿಲ್ಲ?

ಇಂಗ್ಲೆಂಡಿನವರು 2022ರಲ್ಲಿ ಕಾನೂನು ಮಾಡಿ ತಮ್ಮ ನಾಡನ್ನು ಆರೋಗ್ಯ ಸೇವೆಗಾಗಿ 42 ಭಾಗ ಮಾಡಿದರು. ಪ್ರತಿ ಭಾಗದ ಆಸ್ಪತ್ರೆ, ಸ್ಥಳೀಯ ಆಡಳಿತ, ವೃದ್ಧರ ಆರೈಕೆ ಮಾಡುವವರು ಒಂದೇ ಮೇಜಿಗೆ ಕೂರಬೇಕೆಂದು ವಿಧಿಸಿದರು. ಅಲ್ಲೂ ಎಲ್ಲ ಸರಿಹೋಗಿಲ್ಲ, ಚಿಕಿತ್ಸೆಗೆ ಕಾಯುವ ಸಾಲು ಉದ್ದವೇ ಇದೆ. ಆದರೆ ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಚಾಮರಾಜನಗರದ ಗುಂಬಳ್ಳಿಯಲ್ಲಿ 1996ರಿಂದಲೇ ಸರ್ಕಾರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಕೈಹಿಡಿದು ನಡೆಸಿತು. ಸರ್ಕಾರವೂ ಹೊರಗಿನವರೂ ಕೂಡಿ ಕೆಲಸ ಮಾಡಬಹುದು ಎಂಬುದಕ್ಕೆ ಅದೇ ಸಾಕ್ಷಿ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ, ಮುಚ್ಚುಮರೆ ಇಲ್ಲದೆ.

ದೊಡ್ಡ ಆಸ್ಪತ್ರೆಗಳ ಅಧೀಕ್ಷಕರೇ, ಫೋನ್ ಮಾಡಿ ಹಾಸಿಗೆ ಇದೆಯೆಂದು ಖಾತ್ರಿ ಮಾಡಿಕೊಳ್ಳದೆ ಯಾವ ರೋಗಿಯನ್ನೂ "ಮುಂದ ಹೋಗ್ರಿ" ಎನ್ನುವುದಿಲ್ಲ ಎಂದು ಮಾತು ಕೊಡಿ. ಬಿಡುಗಡೆ ಮಾಡುವಾಗ ಕೊಡುವ ಹಾಳೆಯಲ್ಲಿ ಔಷಧಿಯ ಕಂಪನಿ ಹೆಸರಿನ ಜೊತೆಗೆ ಅದರ ಒಳಗಿನ ಔಷಧಿಯ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆಯಿರಿ. ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು ಎಂಬುದನ್ನೂ ಬರೆಯಿರಿ. ಅದೇ ಹಾಳೆಯ ಇನ್ನೊಂದು ಪ್ರತಿ ರೋಗಿಯ ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಳ್ಳಿ ಎಂದು ಜನರನ್ನು ಸಾಲು ನಿಲ್ಲಿಸಿದ್ದೀರಿ. ಆ ಸಂಖ್ಯೆಯ ಹಿಂದೆ ದಾಖಲೆ ಇಲ್ಲದಿದ್ದರೆ ಅದು ಚೀಲಕ್ಕೆ ಬಿದ್ದ ಇನ್ನೊಂದು ಕಾಗದ, ಅಷ್ಟೇ.

ಖಾಸಗಿ ವೈದ್ಯರೇ, ಆರೋಗ್ಯ ಕರ್ನಾಟಕದ ರೆಫರಲ್ ಚೀಟಿಯನ್ನು ಜನ 'ಲೆಟರ್' ಎನ್ನುತ್ತಾರೆ. ನಿಮ್ಮ ಕೌಂಟರಿಗೂ ಅದು ಬಿಲ್ ಪಾಸಾಗಲು ಬೇಕಾದ ಲೆಟರ್ ಮಾತ್ರ. ಅದರಲ್ಲಿ ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಏನೋ ಹೇಳಿದ್ದಾನೆ. ದಯವಿಟ್ಟು ಓದಿ, ಮತ್ತು ಉತ್ತರ ಬರೆಯಿರಿ. ಪೈಪೋಟಿ ಇರಲಿ, ಬೇಡ ಎನ್ನುವುದಿಲ್ಲ. ಅನ್ನ ಬಡಿಸುವವನಿಗೂ ಸಾರಿನವನಿಗೂ ನಡುವೆ ಜಗಳವೂ ಇದ್ದೀತು. ಪಂಕ್ತಿಯ ಮುಂದೆ ಬಂದಾಗ ಅದನ್ನು ಹೊರಗಿಟ್ಟು ಬರುತ್ತಾರೆ.

ಕಾಲೇಜುಗಳ ಆಡಳಿತ ಮಂಡಳಿಯವರೇ, ಹೊಸ ನಿಯಮದಂತೆ ನಿಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು. ನಾಲ್ಕೂ ಕಾಲೇಜು ಒಮ್ಮೆ ಕೂತು ಹಳ್ಳಿ ಹಂಚಿಕೊಳ್ಳಿ. ಬಸ್ಸು ಸಲೀಸಾಗಿ ಹೋಗುವ ಊರನ್ನಲ್ಲ, ಹೋಗದ ಊರನ್ನು ಮೊದಲು ಹಿಡಿಯಿರಿ. ಕಮಲಾಪುರ ತಾಲ್ಲೂಕಾಗಿ ಕೆಲವೇ ವರ್ಷವಾಯಿತು, ಅದರ ಕೆಂಪು ಬಾಳೆಹಣ್ಣು ದೇಶಕ್ಕೆಲ್ಲ ಗೊತ್ತು. ಅದರ ಒಳಹಳ್ಳಿಗಳ ಬಾಣಂತಿಯರ ಸ್ಥಿತಿ ನಿಮಗೆ ಗೊತ್ತೇ? ತೊಗರಿ ರಾಶಿ ಮುಗಿದ ಮೇಲೆ ಬೊಂಬಾಯಿ, ಪುಣೆ ಕಡೆ ಗುಳೆ ಹೋಗುವವನ ಕ್ಷಯದ ಗುಳಿಗೆ ಅಲ್ಲಿ ಯಾರು ಕೊಡುತ್ತಾರೆ ಎಂಬುದು ಹೊರಡುವ ಮುನ್ನವೇ ಇಲ್ಲಿ ಬರೆದಿಡಬೇಕು. ಆರು ತಿಂಗಳ ಚಿಕಿತ್ಸೆಗೆ ಗುಳೆ ಎಂಬ ರಜೆ ಇಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳೇ, ತಾಯಿಯ ಸಾವಿನ ಬಗ್ಗೆ ಪರಿಶೀಲನಾ ಸಭೆ ಮಾಡಲೇಬೇಕೆಂದು ನಿಯಮವಿದೆ. ಆ ಸಭೆಗೆ ಖಾಸಗಿಯವರನ್ನೂ, 108ರವರನ್ನೂ, ಆ ಊರಿನ ಆಶಾಳನ್ನೂ ಕರೆಯಿರಿ. ಆಶಾಗೆ ಕುರ್ಚಿ ಕೊಟ್ಟು ಮೊದಲು ಮಾತಾಡಲು ಬಿಡಿ. ತಲೆ ಉರುಳಿಸುವುದಕ್ಕಾಗಿ ಸಭೆ ಮಾಡಿದರೆ ಯಾರೂ ನಿಜ ಹೇಳುವುದಿಲ್ಲ.

ಮಠ, ದರ್ಗಾ, ಸಂಸ್ಥೆಗಳ ಹಿರಿಯರಲ್ಲಿ ಒಂದು ವಿನಂತಿ. ನಿಜಾಮರ ಕಾಲದಲ್ಲೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರ ಊರು ಇದು. ಮುಂದಿನ ಜಾತ್ರೆಯಲ್ಲಿ, ಬಂದಾನವಾಜರ ಉರುಸಿನಲ್ಲಿ, ಒಂದು ಕಟ್ಟೆ ಹಾಕಿ. ಹೆಸರು ಬೇಕಾದರೆ ಚೀಲ ಬಿಚ್ಚುವ ಕಟ್ಟೆ ಎನ್ನಿ. ಯಾವ ದವಾಖಾನೆಯ ಬೋರ್ಡೂ ಅಲ್ಲಿ ಬೇಡ. ನಾಲ್ಕೂ ಕಾಲೇಜಿನ ಔಷಧಿ ಬಲ್ಲವರು ಸರದಿಯಲ್ಲಿ ಕೂತು, ಬಂದವರ ಚೀಲ ಬಿಚ್ಚಿಸಿ, ಗುಳಿಗೆ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಒಂದೇ ಔಷಧಿ ಎರಡು ಬಾರಿ ಬಂದಿದೆಯೇ ನೋಡಿ ಹೇಳಲಿ. ಖರ್ಚು ಒಂದು ಪೆಂಡಾಲು, ನಾಲ್ಕು ಮೇಜು. ಎಷ್ಟು ಚೀಲಗಳಲ್ಲಿ ಏನೇನು ಸಿಗುತ್ತದೆ ಎಂದು ಆ ಐದಾರು ದಿನ ಲೆಕ್ಕ ಇಡಿ. ಆ ಲೆಕ್ಕದ ಪುಸ್ತಕ ಹಿಡಿದೇ ಎಲ್ಲರೂ ಮೊದಲ ಸಭೆಗೆ ಕೂರಬಹುದು.

ಆಯಿಯ ಮಗ ನೀರು ತಂದ. ನಾನು ಡಾಕ್ಟರಲ್ಲ, ಯಾವುದು ಬಿಡು ಎಂದು ಹೇಳುವ ಹಕ್ಕು ನನಗಿಲ್ಲ. ಚೀಟಿಯೊಂದರಲ್ಲಿ ಎರಡೂ ಪಟ್ಟಿಗಳ ಹೆಸರು ಬರೆದು, ಎರಡರ ಒಳಗಿರುವುದೂ ಒಂದೇ ಔಷಧಿ, ಇವತ್ತೇ ಡಾಕ್ಟರಿಗೆ ತೋರಿಸಿ ಎಂದು ಗೆರೆ ಎಳೆದು ಕೊಟ್ಟೆ. ಮಗನ ಮೊಬೈಲಿನಿಂದಲೇ ಅವರ ಊರಿನ ಆಶಾಗೆ ಫೋನ್ ಹಚ್ಚಿಸಿದೆ. ಆಕೆ ಪೂರ್ತಿ ಕೇಳಿಕೊಂಡಳು. ಮುಂದಿನ ಗುಳಿಗೆ ನುಂಗುವ ಮುಂಚೆ ನಮ್ಮ ದವಾಖಾನಿ ಡಾಕ್ಟರಿಗೆ ತೋರಸ್ರಿ, ನಾನೂ ಬಂದು ನಿಂತಿರ್ತೀನಿ ಅಂದಳು. ಫೋನ್ ಇಡುವ ಮುಂಚೆ ಕೇಳಿದಳು: "ಸರ, ನಮ್ಮ ಡಾಕ್ಟರಿಗಿ ನಾ ಹೇಳ್ತೀನಿ. ಆ ಇನ್ನೊಂದು ದವಾಖಾನಿಗಿ ಹೇಳೋರು ಯಾರ್ರಿ?"