ಪಿಎಚ್‌ಡಿ ಆಯ್ತಲ್ಲ, ಇನ್ನೂ ಏನು?

ಪೋಸ್ಟ್‌ಡಾಕ್ ಅಂದ್ರೆ ಇನ್ನೊಂದು ಡಿಗ್ರಿ ಅಲ್ಲ. ಪಿಎಚ್‌ಡಿ ಮುಗಿಸಿದವರು ಒಂದೆರಡು ವರ್ಷ ಸಂಬಳ ತಗೊಂಡು ಮಾಡೋ ಸಂಶೋಧನೆ. ಕೆಲಸವೇ, ಆದ್ರೆ ಕಾಂಟ್ರ್ಯಾಕ್ಟ್ ಕೆಲಸ. ಜೆಪಿ ನಗರದ ನಮ್ಮ ಮನೇಲಿ ಈ ಮಾತನ್ನ ಈ ತಿಂಗಳು ಹತ್ತು ಸಲವಾದ್ರೂ ಹೇಳಿದ್ದೀನಿ. ಅಕ್ಕನಿಗೆ ಮಲ್ಟಿಸ್ಕೇಲ್ ಮಾಡೆಲಿಂಗ್‌ನಲ್ಲಿ ಪೋಸ್ಟ್‌ಡಾಕ್ ಸಿಕ್ಕಿದೆ, ಒಂದು ಕಂಪನಿಯಿಂದಲೂ ಆಫರ್ ಬಂದಿದೆ. ಅಪ್ಪನದ್ದು ಒಂದೇ ಪ್ರಶ್ನೆ: "ಇವಳು ಇನ್ನೆಷ್ಟು ವರ್ಷ ಓದ್ತಾಳೆ?"

ಅವಳ ವಿಷಯ ಅರ್ಥವಾಗೋಕೆ ಬಿಟಿಎಂ ಸಿಗ್ನಲ್‌ನಲ್ಲಿ ನಿಂತಿರೋ ಎಲೆಕ್ಟ್ರಿಕ್ ಸ್ಕೂಟರ್ ನೋಡಿ. ಬ್ಯಾಟರಿ ಒಳಗೆ ಲಿಥಿಯಂ ಅಯಾನುಗಳು ಓಡಾಡ್ತವೆ. ಅದರಿಂದ ಎಲೆಕ್ಟ್ರೋಡಿನ ಕಣಗಳು ಉಬ್ಬಿ ಬಿರುಕು ಬಿಡ್ತವೆ. ವರ್ಷಗಳು ಕಳೆದ ಹಾಗೆ ಬ್ಯಾಟರಿ ಸೊರಗುತ್ತೆ. ಎಲ್ಲವನ್ನೂ ಪರಮಾಣು ಮಟ್ಟದಲ್ಲೇ ಲೆಕ್ಕ ಹಾಕೋಣ ಅಂದ್ರೆ, ಅಲ್ಲಿ ಒಂದು ಹೆಜ್ಜೆ ಅಂದ್ರೆ ಸುಮಾರು ಒಂದು ಫೆಮ್ಟೋಸೆಕೆಂಡ್. ಕಂಪ್ಯೂಟರ್ ಸೆಕೆಂಡಿಗೆ 10 ಲಕ್ಷ ಹೆಜ್ಜೆ ಹಾಕಿದ್ರೂ, ನಿಜವಾದ ಒಂದು ಸೆಕೆಂಡ್ ಮುಗಿಸೋಕೆ 31 ವರ್ಷ ಬೇಕು!

ಹಾಗಾಗಿ ಬೇಕಾದ ಕಡೆ ಮಾತ್ರ ಸೂಕ್ಷ್ಮ ಲೆಕ್ಕ, ಉಳಿದ ಕಡೆ ಸರಳ ಲೆಕ್ಕ, ನಡುವೆ ಒಂದು ಸೇತುವೆ. ವಾರ್ಶೆಲ್ ಮತ್ತು ಲೆವಿಟ್ 1976ರಲ್ಲಿ ಒಂದು ಕಿಣ್ವದ ಮೇಲೆ ಇದನ್ನೇ ಮಾಡಿ ತೋರಿಸಿದ್ರು. ಕಾರ್‌ಪ್ಲಸ್ ಜೊತೆ ಅವರಿಬ್ಬರಿಗೂ 2013ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಸೇತುವೆ ಕಟ್ಟೋಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಮೆಕ್ಯಾನಿಕಲ್, ಸಿವಿಲ್ ಎಲ್ಲ ಕಡೆಯವರೂ ಬೇಕು. ಕೋಡಿಂಗ್ ಅಂತೂ ಬರಲೇಬೇಕು. ಲ್ಯಾಂಪ್ಸ್, ಓಪನ್‌ಫೋಮ್‌ನಂಥ ಉಚಿತ ತಂತ್ರಾಂಶಗಳಿಂದ ಮನೇಲೇ ಕಲಿಕೆ ಶುರು ಮಾಡಬಹುದು.

ಇಂಥ ಕೆಲಸಕ್ಕೆ ನಮ್ಮೂರು ಒಳ್ಳೆ ಜಾಗ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಐಐಎಸ್‌ಸಿಯಲ್ಲಿ 2022ರಿಂದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಇದೆ. ಜಯನಗರದಲ್ಲಿ ಹಸಿರು ಮೆಟ್ರೊ ಹತ್ತಿದ್ರೆ ರೈಲು ಬದಲಿಸದೆ ಯಶವಂತಪುರ ತಲುಪಬಹುದು, ಅಲ್ಲಿಂದ ಐಐಎಸ್‌ಸಿ ಹತ್ತಿರ.

ಈಗ ದುಡ್ಡಿನ ಮಾತು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರಲ್ಲಿ ಪರಿಷ್ಕರಿಸಿದ ದರದಂತೆ ರಿಸರ್ಚ್ ಅಸೋಸಿಯೇಟ್‌ಗೆ ತಿಂಗಳಿಗೆ 58,000ದಿಂದ 67,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಮನೆ ಸಾಲದ ಕಂತು ಇರೋರಿಗೆ ಇದು ಸಣ್ಣ ಯೋಚನೆಯಲ್ಲ. ಅಪ್ಪನ ಆತಂಕವನ್ನೂ ನಾನು ತಳ್ಳಿಹಾಕಲ್ಲ.

ಅದಕ್ಕೇ ಒಪ್ಪಿಕೊಳ್ಳೋ ಮೊದಲು ನಾಲ್ಕು ಪ್ರಶ್ನೆ ಕೇಳು ಅಂತ ಅಕ್ಕನಿಗೆ ಹೇಳಿದ್ದೀನಿ. ನೀವೂ ಬರೆದಿಟ್ಕೊಳ್ಳಿ. ಪ್ರಾಜೆಕ್ಟ್‌ನಲ್ಲಿ ಎಷ್ಟು ತಿಂಗಳಿಗೆ ಹಣ ಇದೆ? ಸೂಪರ್‌ಕಂಪ್ಯೂಟರ್‌ನಲ್ಲಿ ನನಗೆ ಎಷ್ಟು ಸಮಯ ಸಿಗುತ್ತೆ? ನಾನು ಬರೆದ ಕೋಡ್ ನನ್ನ ಹೆಸರಲ್ಲಿ ಹೊರಗೆ ಬರುತ್ತಾ? ಹಿಂದೆ ಇಲ್ಲಿದ್ದ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ? ಕೊನೇ ಪ್ರಶ್ನೆಗೆ ಉತ್ತರ ತಡವರಿಸಿದ್ರೆ ಸ್ವಲ್ಪ ಯೋಚಿಸಿ.

ಇನ್ನೊಂದು ಮಾತನ್ನೂ ಹೇಳಿದ್ದೀನಿ: ಎರಡು ವರ್ಷ ಕಂತಿನಲ್ಲಿ ಅವಳ ಪಾಲು ನಾನು ಕಟ್ತೀನಿ. ಬೇಕೋ ಬೇಡವೋ ಅನ್ನೋ ತೀರ್ಮಾನ ಅವಳದ್ದು. ದುಡ್ಡೊಂದೇ ಆ ತೀರ್ಮಾನ ಮಾಡಬಾರದು ಅನ್ನೋದಷ್ಟೇ ನನ್ನಾಸೆ.