ಮನವಿ ಪತ್ರ: ತೀರಿದ ಸಾಲವನ್ನು ಸಿಬಿಲ್ ವರದಿಯಲ್ಲಿ ತೀರಿದೆಯೆಂದೇ ದಾಖಲಿಸುವ ಬಗ್ಗೆ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ವಿಜಯನಗರ ಜಿಲ್ಲೆ, ಹೊಸಪೇಟೆ.

ಇಂದ,
ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತರು.

ಮಾನ್ಯರೇ,

ನಮ್ಮಲ್ಲಿ ಹೆಚ್ಚಿನವರು ಮಳೆ ನೆಚ್ಚಿ ಮೆಕ್ಕೆಜೋಳ, ಶೇಂಗಾ, ಜೋಳ ಬೆಳೆಯುವವರು. ಬಿತ್ತನೆಗೆ ಮೊದಲು ಬ್ಯಾಂಕಿನ ಸಾಲ ಕೈಸೇರದಿದ್ದರೆ ಬಡ್ಡಿಗೆ ಕೊಡುವವರ ಮನೆಬಾಗಿಲಿಗೇ ಹೋಗಬೇಕು.

2018ರಲ್ಲಿ ರಾಜ್ಯ ಸರ್ಕಾರ ವಾಣಿಜ್ಯ ಬ್ಯಾಂಕುಗಳಲ್ಲಿದ್ದ 2 ಲಕ್ಷ ರೂಪಾಯಿವರೆಗಿನ ಬೆಳೆ ಸಾಲ ಮನ್ನಾ ಮಾಡಿತು. ಋಣಮುಕ್ತ ಪತ್ರ ಹಿಡಿದವರು ನಮ್ಮಲ್ಲಿದ್ದಾರೆ. ಹೆಂಡತಿಯ ಒಡವೆ ಮಾರಿ ಪೂರ್ತಿ ಕಟ್ಟಿ ಬೇಬಾಕಿ ಪತ್ರ ಪಡೆದವರೂ ಇದ್ದಾರೆ. ಆದರೂ ಹೊಸ ಸಾಲ ಕೇಳಿದರೆ "ನಿಮ್ಮ ಸಿಬಿಲ್ ಸರಿಯಿಲ್ಲ" ಎಂಬ ಒಂದೇ ಮಾತು. ವರದಿ ತೆಗೆಸಿ ನೋಡಿದರೆ ತೀರಿದ ಸಾಲ ಇನ್ನೂ ಸುಸ್ತಿಯಲ್ಲಿದೆ. ಬ್ಯಾಂಕುಗಳು ವಿಲೀನವಾಗಿ ಖಾತೆ ಸಂಖ್ಯೆ ಬದಲಾದ ಕೆಲವರಿಗೆ ಒಂದೇ ಸಾಲ ಎರಡು ಸಲ ಕಾಣುತ್ತಿದೆ. ಒಬ್ಬರ ಮಗಳ ಶಿಕ್ಷಣ ಸಾಲವೂ ಇದರಿಂದಲೇ ನಿಂತಿದೆ. ಆಕೆ ಮಾಡಿದ ತಪ್ಪೇನು?

ನಿಜವಾಗಿ ಬಾಕಿಯಿರುವ ಸಾಲ ಅಳಿಸಿರೆಂದು ನಾವು ಕೇಳುತ್ತಿಲ್ಲ. ನಡೆದದ್ದು ನಡೆದಂತೆ ದಾಖಲಾಗಲಿ ಎನ್ನುತ್ತಿದ್ದೇವೆ.

ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತ ವರದಿ ಕೊಡಬೇಕು. ಆದರೆ ತಪ್ಪಿದ್ದರೆ ತಾವಾಗಿ ತಿದ್ದಲಾರವು. ಸಾಲ ಕೊಟ್ಟ ಬ್ಯಾಂಕ್ ಒಪ್ಪಿ ಸರಿಯಾದ ಮಾಹಿತಿ ಕಳಿಸಬೇಕು. ನಮ್ಮ ಅರ್ಜಿ ಸಿಕ್ಕಿಬೀಳುವುದು ಇಲ್ಲಿಯೇ. ಶಾಖೆಯವರು ಸಿಬಿಲ್‌ಗೆ ಬರೆಯಿರಿ ಎನ್ನುತ್ತಾರೆ, ಅಲ್ಲಿಂದ ಬ್ಯಾಂಕನ್ನು ಕೇಳಿ ಎಂಬ ಉತ್ತರ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ. 2005ರ ಸಾಲ ಮಾಹಿತಿ ಸಂಸ್ಥೆಗಳ ಕಾಯ್ದೆಯು ವರದಿಯ ತಿದ್ದುಪಡಿಗೆ 30 ದಿನಗಳ ಗಡುವು ಇಟ್ಟಿದೆ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಈ ಮಾತು ಯಾವ ಶಾಖೆಯಲ್ಲೂ ನಮ್ಮ ಕಿವಿಗೆ ಬಿದ್ದಿಲ್ಲ.

ಆದ್ದರಿಂದ ತಾವು ಲೀಡ್ ಬ್ಯಾಂಕ್ ವ್ಯವಸ್ಥಾಪಕರ ಮೂಲಕ ಐದೂ ತಾಲ್ಲೂಕು ಕೇಂದ್ರಗಳಲ್ಲಿ ಎಲ್ಲ ಬ್ಯಾಂಕುಗಳ ಅಧಿಕಾರಿಗಳನ್ನು ಕೂರಿಸಿ ತಿದ್ದುಪಡಿ ಶಿಬಿರ ನಡೆಸಬೇಕು. ವರದಿಯನ್ನು ಅಲ್ಲೇ ತೆಗೆದು ಕನ್ನಡದಲ್ಲಿ ಓದಿ ಹೇಳಬೇಕು. ದೂರಿಗೆ ಮೊಹರು ಹಾಕಿದ ಸ್ವೀಕೃತಿ ಕೊಡಬೇಕು. ಇದೊಂದು ಇಲ್ಲದೆ 30 ದಿನ ಎಂದಿನಿಂದ ಎಣಿಸಬೇಕೆಂಬುದೇ ತಿಳಿಯದು. ತಿದ್ದಲಾಗದಿದ್ದರೆ ಕಾರಣ ಬರಹದಲ್ಲಿರಲಿ, ಅದನ್ನು ಹಿಡಿದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ದೂರು ಇತ್ಯರ್ಥವಾಗುವವರೆಗೆ ಋಣಮುಕ್ತ ಪತ್ರ ಅಥವಾ ಬೇಬಾಕಿ ಪತ್ರ ಇರುವವರ ಬೆಳೆ ಸಾಲದ ಅರ್ಜಿಯನ್ನು ಸಿಬಿಲ್ ಕಾರಣಕ್ಕೆ ತಳ್ಳಿಹಾಕದಂತೆ ಸೂಚಿಸಬೇಕು.

ಮುಂಗಾರು ಬಿತ್ತನೆಗೆ ಮೊದಲೇ ಶಿಬಿರಗಳ ದಿನಾಂಕ ಪ್ರಕಟಿಸಬೇಕೆಂದು ಕೋರುತ್ತೇವೆ. ಋಣಮುಕ್ತ ಪತ್ರ, ಬೇಬಾಕಿ ಪತ್ರ ಮತ್ತು ಸಾಲ ವರದಿಗಳ ನಕಲು ಲಗತ್ತಿಸಿದ್ದೇವೆ.

ತಮ್ಮ ವಿಶ್ವಾಸಿಗಳು,
ಐದು ತಾಲ್ಲೂಕುಗಳ ಅರ್ಜಿದಾರ ರೈತರು